ಸೆಲ್ಫ್ ಸತ್ತರೆ ಗಾಡಿ ಸತ್ತಂತಲ್ಲ!

ಎತ್ತು ಮೊಂಡು ಬಿದ್ದರೆ ಬಾಲ ತಿರುವಿ ಎಬ್ಬಿಸಬಹುದು. ಕಾರು ಮೊಂಡು ಬಿದ್ದರೆ ಏನು ತಿರುವುತ್ತೀರಿ? ಕೀಲಿ ತಿರುವಬೇಕು. ತಿರುವಿದರೆ ‘ಟಕ್’ ಅಂತ ಒಂದೇ ಒಂದು ಸದ್ದು, ಆಮೇಲೆ ಮೌನ. ಅಷ್ಟಾದರೆ ಸಾಕು, ಮನೆ ಮುಂದೆ ಹತ್ತು ಜನ ಸೇರುತ್ತಾರೆ. ‘ಬ್ಯಾಟ್ರಿ ಹೋಗೈತಿ’ ಅಂತ ಒಬ್ಬ, ‘ಸೆಲ್ಫ್ ಹೋಗೈತಿ’ ಅಂತ ಇನ್ನೊಬ್ಬ, ‘ಸೆನ್ಸಾರ್ ರೀ, ಈಗಿನ ಗಾಡ್ಯಾಗ ಎಲ್ಲಾ ಸೆನ್ಸಾರೇ’ ಅಂತ ಮತ್ತೊಬ್ಬ. ಪಂಚಾಯಿತಿ ಮುಗಿಯುವ ಹೊತ್ತಿಗೆ ಮಾಲೀಕನ ಜೇಬಿನಿಂದ ಸಾವಿರಗಟ್ಟಲೆ ರೂಪಾಯಿ ಹೊರಟು ನಿಂತಿರುತ್ತದೆ. ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ!

ಕುಡತಿನಿಯಲ್ಲಿ ಈಗ ಕಾರಿಗೇನೂ ಬರವಿಲ್ಲ. ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಮೇಲೆ ಕೂತ ಊರು. ಈಗಿನ ಲೆಕ್ಕದಲ್ಲಿ ಅದು 67ನೇ ನಂಬರು, ಹಳಬರ ಬಾಯಲ್ಲಿ ಇನ್ನೂ 63. ಪಕ್ಕದಲ್ಲೇ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಆಚೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಶಿಫ್ಟಿಗೆ ಹೋಗುವವರು, ಗುತ್ತಿಗೆ ಕೆಲಸದವರು, ಕಿರಾಣಿ ಸಾಮಾನಿಗೆ ಬಳ್ಳಾರಿಗೆ ಓಡುವವರು, ಇವರೆಲ್ಲರ ಮನೆ ಮುಂದೆ ಒಂದೊಂದು ಗಾಡಿ. ಹೊಸದಕ್ಕಿಂತ ಸೆಕೆಂಡ್ ಹ್ಯಾಂಡೇ ಕಣ್ಣಿಗೆ ಬೀಳುವುದು ಜಾಸ್ತಿ. ಇವು ಶೋಕಿಗೆ ಇಟ್ಟ ಗಾಡಿಗಳಲ್ಲ. ನಡುರಾತ್ರಿ ಮನೆಯಲ್ಲಿ ಹೆರಿಗೆ ನೋವು ಬಂದರೆ ಸುಮಾರು 20 ಕಿ.ಮೀ. ದೂರದ ಬಳ್ಳಾರಿಗೆ ಓಡುವ ಗಾಡಿಗಳು; ಹಗಲು ಬಾಡಿಗೆ ಹೊಡೆದು ತನ್ನ ಕಂತನ್ನು ತಾನೇ ಕಟ್ಟಿಕೊಳ್ಳುವ ಗಾಡಿಗಳು. ಅಂಥ ಗಾಡಿ ಒಂದು ದಿನ ನಿಂತರೆ ಅದು ಬರೀ ಗಾಡಿಯ ಸುದ್ದಿಯಲ್ಲ, ಮನೆಯ ಸುದ್ದಿ.

ಅದಕ್ಕೇ ಈಗ ಹೊಸ ಚಾಳಿ ಶುರುವಾಗಿದೆ. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಪಾರ್ಸಲ್ಲಿನಲ್ಲಿ ಸೆನ್ಸಾರ್ ತರಿಸುವುದು, ಅಂಗಳದಲ್ಲೇ ಸ್ಪ್ಯಾನರ್ ಹಿಡಿದು ಕೂರುವುದು. ತಪ್ಪೇನಲ್ಲ ಬಿಡಿ. ನಮ್ಮ ರೈತರು ಪಂಪ್‌ಸೆಟ್ಟಿನ ಮೋಟಾರು ತಾವೇ ಬಿಚ್ಚಿ ಕಟ್ಟಿದವರು, ಕಾರು ಏನು ಮಹಾ? ಆದರೆ ರೋಗ ಗೊತ್ತಾಗುವ ಮೊದಲೇ ಔಷಧಿ ಕುಡಿಸುವುದು ಮಾತ್ರ ತಪ್ಪು. ಬ್ಯಾಟರಿ ಟರ್ಮಿನಲ್ ಸಡಿಲ ಇದ್ದದ್ದಕ್ಕೆ ಹೊಸ ಸೆಲ್ಫ್ ಹಾಕಿಸಿದವರು, ಇಲಿ ಕಡಿದ ವೈರಿಗೆ ಹೊಸ ಸೆನ್ಸಾರ್ ಕೊಂಡವರು ಯಾವ ಊರಿನಲ್ಲಾದರೂ ಸಿಗುತ್ತಾರೆ. ಅಂಥವರ ಪಟ್ಟಿಗೆ ನಮ್ಮ ಓದುಗರು ಸೇರಬಾರದು ಅಂತ ಈ ನಾಲ್ಕು ಮಾತು.

ಹ್ಯಾಂಡಲ್ ಹೊಡೆದ ಕಾಲ

ವಯಸ್ಸಾದವರಿಗೆ ನೆನಪಿರುತ್ತದೆ. ಅಂಬಾಸಡರ್, ಫಿಯಟ್, ಜೀಪುಗಳ ಮುಂಭಾಗಕ್ಕೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಗಿರಗಿರ ತಿರುಗಿಸಿದರೆ ಇಂಜಿನ್ ಏಳುತ್ತಿತ್ತು. ಕೆಲವೊಮ್ಮೆ ಇಂಜಿನ್ ಉಲ್ಟಾ ಒದ್ದು ಮುಂಗೈ ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬೇಡ, ಉಳಿದ ಬೆರಳುಗಳ ಜೊತೆಗೇ ಇಟ್ಟುಕೋ ಅಂತ ಡ್ರೈವರ್‌ಗಳು ಕ್ಲೀನರ್ ಹುಡುಗರಿಗೆ ಮೊದಲ ಪಾಠ ಹೇಳುತ್ತಿದ್ದದ್ದು ಇದಕ್ಕೇ.

ಈ ಕಾಟ ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಕಾರಿಗೆ ಬರುವ ಮುಂಚೆ ಅಂಗಡಿಯ ಗಲ್ಲಾಪೆಟ್ಟಿಗೆಗೆ, ಅಂದರೆ ಕ್ಯಾಶ್ ರಿಜಿಸ್ಟರಿಗೆ, ಕರೆಂಟಿನ ಮೋಟಾರು ಕೂರಿಸಿದ ಮನುಷ್ಯ ಅವನು. ಅಂಗಡಿಯವರು ಹೆಮ್ಮೆ ಪಡಬಹುದಾದ ಸಂಗತಿ! ಚಿಕ್ಕ ಮೋಟಾರಿನಿಂದ ಒಂದು ಕ್ಷಣಕ್ಕೆ ಮಾತ್ರ ದೊಡ್ಡ ಕೆಲಸ ತೆಗೆಯಬಹುದು ಎಂಬ ಆ ಯುಕ್ತಿಯನ್ನೇ ಅವನು ಕಾರಿಗೂ ಹಚ್ಚಿದ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ತಾನೇ ಸ್ಟಾರ್ಟ್ ಆಗುತ್ತದೆ ಅಂತ ಅದಕ್ಕೆ ‘ಸೆಲ್ಫ್ ಸ್ಟಾರ್ಟರ್’ ಎಂಬ ಹೆಸರು. ನಮ್ಮವರು ಬಾಲ ಕತ್ತರಿಸಿ ‘ಸೆಲ್ಫ್’ ಅಂದರು. ಆ ಹೆಸರೇ ಗಟ್ಟಿಯಾಯಿತು.

ಈ ಸೆಲ್ಫ್ ಒಂದು ಕ್ಷಣದ ಪೈಲ್ವಾನ. ಕಾರಿನ ಹೆಡ್‌ಲೈಟಿಗೆ ನಾಲ್ಕೈದು ಆಂಪಿಯರ್ ಕರೆಂಟು ಸಾಕು, ಸೆಲ್ಫಿಗೆ ನೂರು, ಇನ್ನೂರು ಆಂಪಿಯರ್ ಬೇಕು. ಕೀಲಿ ತಿರುವಿದಾಗ ಮೊದಲು ಅದರ ಬೆನ್ನ ಮೇಲಿನ ಸಾಲಿನಾಯ್ಡ್ ಎಂಬ ಸ್ವಿಚ್ಚು ಎಳೆದುಕೊಳ್ಳುತ್ತದೆ. ಒಂದು ಪುಟ್ಟ ಹಲ್ಲಿನ ಚಕ್ರ ಮುಂದೆ ಜಿಗಿದು ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಮೋಟಾರು ತಿರುಗುತ್ತದೆ. ಇಂಜಿನ್ ಎದ್ದ ಮೇಲೆ ಹಲ್ಲು ಹಿಂದೆ ಸರಿಯುತ್ತದೆ. ಒಂದೆರಡು ಸೆಕೆಂಡಿನ ಕೆಲಸ. ಅದನ್ನು ಅರ್ಧ ನಿಮಿಷ ಬಿಡದೆ ‘ಕರ್ ಕರ್’ ಅನ್ನಿಸುವವರು ತಮ್ಮ ಸೆಲ್ಫಿಗೆ ತಾವೇ ಬೆಂಕಿ ಇಟ್ಟಂತೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಎದ್ದೇಳದಿದ್ದರೆ ಅರ್ಧ ನಿಮಿಷವೋ ಒಂದು ನಿಮಿಷವೋ ಬಿಟ್ಟು ಮತ್ತೆ ನೋಡಿ.

ಸದ್ದು ಕೇಳಿ, ರೋಗ ಹೇಳಿ

ಗಾಡಿ ಏಳದಿದ್ದರೆ ಸ್ಪ್ಯಾನರ್ ಹುಡುಕಬೇಡಿ, ಕಿವಿ ಕೊಡಿ. ಸಂಜೆ ಹೊತ್ತಾದರೆ ಇನ್ನೂ ಒಳ್ಳೇದು: ಹೆಡ್‌ಲೈಟ್ ಹಾಕಿ, ಗೋಡೆಗೆ ಬೆಳಕು ಬೀಳಲಿ, ಆಮೇಲೆ ಕೀಲಿ ತಿರುವಿ.

‘ಟಕಟಕಟಕಟಕ’ ಅಂತ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು, ಲೈಟು ಮಂಕಾಗಿ ಮಿಣಮಿಣ: ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸರಿಯಾಗಿ ಕೂತಿಲ್ಲ. ಸೆಲ್ಫನ್ನು ಬೈಯಬೇಡಿ.

ಒಂದೇ ‘ಟಕ್’, ಲೈಟು ಹೆಚ್ಚೂ ಕಡಿಮೆ ಮೊದಲಿನ ಹಾಗೇ: ಈಗ ಸೆಲ್ಫಿನ ಮೇಲೆ ಅನುಮಾನ ಪಡಬಹುದು. ಸಾಲಿನಾಯ್ಡಿನ ಒಳಗಿನ ತಾಮ್ರ ಸುಟ್ಟಿರಬೇಕು, ಇಲ್ಲವೇ ಕಾರ್ಬನ್ ಬ್ರಷ್ ಸವೆದಿರಬೇಕು.

ಸದ್ದೇ ಇಲ್ಲ, ಲೈಟು ಮಾತ್ರ ಝಗಝಗ: ಸೆಲ್ಫಿಗೆ ಆಜ್ಞೆಯೇ ತಲುಪಿಲ್ಲ. ಫ್ಯೂಸ್, ರಿಲೇ, ಕೀಲಿಯ ಸ್ವಿಚ್, ಕ್ಲಚ್ಚಿನ ಸ್ವಿಚ್, ಸಣ್ಣ ವೈರು, ಇವನ್ನು ನೋಡಿ. ಫ್ಯೂಸ್ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಹಾರ್ನಿಗೋ ಮತ್ತೊಂದಕ್ಕೋ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ನಯಾ ಪೈಸೆ ಖರ್ಚಿಲ್ಲ.

‘ಗುಂಯ್’ ಅಂತ ಮೋಟಾರು ತಿರುಗುತ್ತದೆ, ಇಂಜಿನ್ ಮಾತ್ರ ಅಲುಗುವುದಿಲ್ಲ: ಹಲ್ಲು ಕಚ್ಚಿಕೊಳ್ಳುತ್ತಿಲ್ಲ. ಬೆಂಡಿಕ್ಸೋ ಫ್ಲೈವೀಲಿನ ಹಲ್ಲೋ ಹೋಗಿದೆ.

ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ: ಸೆಲ್ಫ್ ತನ್ನ ಕೆಲಸ ಮಾಡಿದೆ, ಸ್ವಾಮಿ. ಅದಕ್ಕೆ ಕೈಮುಗಿದು ಪೆಟ್ರೋಲು, ಕಿಡಿ, ಕೀಲಿಯ ಇಮ್ಮೊಬಿಲೈಜರ್, ಸೆನ್ಸಾರ್ ಕಡೆ ತಿರುಗಿ.

ಬ್ಯಾಟರಿ ಪರೀಕ್ಷೆಗೆ ಒಂದು ಸಾದಾ ಮಲ್ಟಿಮೀಟರ್ ಸಾಕು. ಟಿ.ವಿ. ರಿಪೇರಿಯವರ ಹತ್ತಿರ ಇರುತ್ತದಲ್ಲ, ಅದೇ. ಗಾಡಿ ನಿಂತು ಕೆಲವು ತಾಸಾದ ಮೇಲೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ದಮ್ಮಿಲ್ಲ. ಇಂಜಿನ್ ಓಡುವಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ ಆಜುಬಾಜು ಇರಬೇಕು. ಇಲ್ಲದಿದ್ದರೆ ಡೈನಮೋ, ಅಂದರೆ ಆಲ್ಟರ್‌ನೇಟರ್, ಚಾರ್ಜ್ ಮಾಡುತ್ತಿಲ್ಲ. ಆಗ ಹೊಸ ಬ್ಯಾಟರಿ ಹಾಕಿದರೂ ಅದು ಬೇಗ ಮಲಗುವುದೇ. ಈಚಿನ ಕೆಲವು ಗಾಡಿಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಅಂಥವುಗಳ ಲೆಕ್ಕ ಸ್ವಲ್ಪ ಬೇರೆ.

ಚಳಿಗಾಲದಲ್ಲಿ ಬ್ಯಾಟರಿ ಸಾಯುತ್ತದೆ ಅನ್ನುವುದು ತಂಪು ಊರಿನವರ ಮಾತು. ನಮ್ಮಲ್ಲಿ ಅದನ್ನು ಕೊಲ್ಲುವುದು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿದಾಗ ಬಾನೆಟ್ಟಿನ ಒಳಗೆ ಇನ್ನೆಷ್ಟಿರಬೇಡ? ನೀರು ಆರುತ್ತದೆ, ಒಳಗಿನ ಸೀಸದ ಪಟ್ಟಿಗಳು ಬೇಗ ತುಕ್ಕು ಹಿಡಿಯುತ್ತವೆ. ನೀರು ಹಾಕುವ ಬ್ಯಾಟರಿಯಾದರೆ ಯುಗಾದಿ ಹೊತ್ತಿಗೊಮ್ಮೆ ಮುಚ್ಚಳ ತೆಗೆದು ನೋಡಿ. ಹಾಕುವುದು ಡಿಸ್ಟಿಲ್ಡ್ ವಾಟರ್, ಬೋರಿನ ನೀರಲ್ಲ! ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡಿಗೆ ಸೋಡಾ ಬೆರೆಸಿ ಹಳೇ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ.

ಇನ್ನೊಂದು ಕಳ್ಳ ಇದ್ದಾನೆ. ಇಂಜಿನ್ನಿಗೂ ಬಾಡಿಗೂ ನಡುವೆ ಕಟ್ಟಿದ ಅರ್ತಿಂಗ್ ಪಟ್ಟಿ. ಅದು ತುಕ್ಕು ಹಿಡಿದರೆ ಸೆಲ್ಫ್ ನಿದ್ದೆಗಣ್ಣಲ್ಲಿ ತಿರುಗುತ್ತದೆ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ನಿನ ಬರಿಗಬ್ಬಿಣಕ್ಕೂ ಕಚ್ಚಿಸಿ ಸ್ಟಾರ್ಟ್ ಮಾಡಿ. ಗಾಡಿ ತಟ್ಟನೆ ಎದ್ದರೆ ಪಟ್ಟಿಯನ್ನು ಬದಲಿಸಿ. ಸೆಲ್ಫಿನ ದುಡ್ಡು ಉಳಿಯಿತು ಅಂದುಕೊಳ್ಳಿ.

ಸೆಲ್ಫ್ ಬಿಚ್ಚುವ ಮೊದಲು

ಇಷ್ಟೆಲ್ಲ ನೋಡಿದ ಮೇಲೂ ಬೆರಳು ಸೆಲ್ಫಿನ ಕಡೆಗೇ ತೋರಿದರೆ ಬಿಚ್ಚೋಣ. ಆದರೆ ಮೊದಲು ಇಂಜಿನ್ ತಣ್ಣಗಾಗಲಿ. ಕೈಯಲ್ಲಿನ ಉಂಗುರ, ಗಡಿಯಾರ, ಕಡಗ ತೆಗೆದಿಡಿ. ಬಂಗಾರದ ಉಂಗುರ ಸ್ಪ್ಯಾನರಿಗೂ ಬಾಡಿಗೂ ನಡುವೆ ಸಿಕ್ಕರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಉಂಗುರ ಉಳಿದೀತು, ಬೆರಳು ಉಳಿಯುವ ಖಾತ್ರಿಯಿಲ್ಲ. ಲುಂಗಿ ಉಟ್ಟು ಗಾಡಿ ಕೆಳಗೆ ನುಗ್ಗಬೇಡಿ.

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಯಾಕೆ ಅಂತೀರಾ? ಕಾರಿನ ಮೈಯೆಲ್ಲಾ ಮೈನಸ್ಸೇ. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಬ್ಯಾಟರಿಯ ಬಲವೆಲ್ಲ ಆ ಸ್ಪ್ಯಾನರಿನ ಮೂಲಕ ಹರಿಯುತ್ತದೆ. ಸೆಲ್ಫಿಗೆ ಬರುವ ದಪ್ಪ ಕೇಬಲ್ ನೇರ ಬ್ಯಾಟರಿಯಿಂದಲೇ ಬಂದದ್ದು. ಕೀಲಿ ತೆಗೆದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ, ನೆನಪಿರಲಿ.

ಗಾಡಿ ಎತ್ತುವ ಸಂಗತಿ ಎಲ್ಲಕ್ಕಿಂತ ದೊಡ್ಡದು. ನಮ್ಮದು ಎರೆಭೂಮಿ. ಒಣಗಿದಾಗ ಕಲ್ಲು, ಹಸಿಯಾದಾಗ ಬೆಣ್ಣೆ. ಬರೀ ನೆಲದ ಮೇಲೆ ಜಾಕ್ ಇಟ್ಟರೆ ಮೆಲ್ಲಗೆ ಹೂತು ಒಂದು ಕಡೆ ವಾಲುತ್ತದೆ. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಗಟ್ಟಿ ನೆಲ, ಜಾಕಿನ ಕೆಳಗೆ ಅಗಲವಾದ ದಪ್ಪ ಹಲಗೆ, ಚಕ್ರಗಳಿಗೆ ಅಡ್ಡಗಲ್ಲು, ಆಮೇಲೆ ಕಬ್ಬಿಣದ ಸ್ಟ್ಯಾಂಡು. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಿ ಕೆಳಗೆ ಮಲಗಬೇಡಿ. ಭಾರ ಬಿದ್ದಾಗ ಅವು ಹೇಳಿ ಕೇಳಿ ಒಡೆಯುವುದಿಲ್ಲ. ಸ್ಟ್ಯಾಂಡ್ ಇಲ್ಲವೆಂದರೆ ಆ ಕೆಲಸ ನಿಮ್ಮದಲ್ಲ, ಗ್ಯಾರೇಜಿನದು. ಮೇಲಿನಿಂದಲೇ ಕೈ ಹೋಗುವ ಗಾಡಿಗಳೂ ಇವೆ, ಆ ಮಾಲೀಕರು ಅದೃಷ್ಟವಂತರು.

ಸಾಮಾನ್ಯವಾಗಿ ಎರಡೋ ಮೂರೋ ಬೋಲ್ಟು, ಒಂದು ದಪ್ಪ ಕೇಬಲ್, ಒಂದು ಸಣ್ಣ ವೈರು, ಇಷ್ಟೇ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಕೊನೆಯ ಬೋಲ್ಟ್ ಬಿಚ್ಚುವಾಗ ಒಂದು ಕೈ ಸೆಲ್ಫಿನ ಕೆಳಗಿರಲಿ. ಮೂರು-ನಾಲ್ಕು ಕಿಲೋ ತೂಕ ಮುಖದ ಮೇಲೆ ಬಿದ್ದರೆ ಹಲ್ಲು ನಿಮ್ಮದು ಹೋಗುತ್ತದೆ, ಫ್ಲೈವೀಲಿನದ್ದಲ್ಲ.

ಬಿಚ್ಚಿದ ಸೆಲ್ಫನ್ನು ನೇರ ಗುಜರಿಗೆ ಹಾಕಬೇಡಿ. ಬಳ್ಳಾರಿಯಲ್ಲಿ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗಳಿಗೆ ಕೊರತೆಯಿಲ್ಲ. ಸೆಲ್ಫನ್ನು ಕೈಚೀಲಕ್ಕೆ ಹಾಕಿ ಬಸ್ಸು ಹತ್ತಿ. ಬ್ರಷ್, ಬುಷ್, ಸಾಲಿನಾಯ್ಡ್ ಬಿಡಿಯಾಗಿಯೇ ಸಿಗುತ್ತವೆ. ಹೆಚ್ಚಿನ ಸೆಲ್ಫುಗಳಿಗೆ ಇಷ್ಟೇ ಆಗಿರುವುದು. ಹೊಸದರ ಬೆಲೆಯ ಮುಂದೆ ಅದು ಸಣ್ಣ ಖರ್ಚು. ಆರ್ಮೇಚರ್ ಸುಟ್ಟು ವಾಸನೆ ಬರುತ್ತಿದ್ದರೆ ಮಾತ್ರ ಹೊಸದೇ ಬೇಕು. ಆಗಲೂ ಹಳೆಯದನ್ನು ಕೌಂಟರ್ ಮೇಲಿಟ್ಟು ಹೊಸದರ ಹಲ್ಲು ಎಣಿಸಿ, ಬೋಲ್ಟಿನ ತೂತು ಅಳೆದು, ಕೊಳ್ಳಿ. ಮನೆಯಲ್ಲಿ ಅದನ್ನು ನೆಲದ ಮೇಲಿಟ್ಟು ಬ್ಯಾಟರಿಗೆ ತಾಗಿಸಿ ‘ಟೆಸ್ಟ್’ ಮಾಡುವ ಶೂರರಿಗೆ ಒಂದು ಮಾತು: ಅದು ಕಪ್ಪೆಯ ಹಾಗೆ ಜಿಗಿಯುತ್ತದೆ. ವೈಸಿನಲ್ಲಿ ಕಚ್ಚಿಸಿ ನೋಡುವ ಅಂಗಡಿಯವನಿಗೇ ಬಿಡಿ.

ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಸೆಲ್ಫ್ ಏಳುತ್ತದೆ ಎಂಬ ಮಾತು ಸುಳ್ಳಲ್ಲ. ಸವೆದ ಬ್ರಷ್ ಅಲುಗಿ ಮತ್ತೆ ತಾಗುತ್ತದೆ. ಆದರೆ ಅದು ಮನೆ ಮುಟ್ಟುವ ಉಪಾಯವೇ ಹೊರತು ರಿಪೇರಿಯಲ್ಲ. ಇವತ್ತು ಎದ್ದದ್ದು ನಾಳೆ ಏಳುವ ಭರವಸೆಯಿಲ್ಲ. ದಬ್ಬಿ ಸ್ಟಾರ್ಟ್ ಮಾಡುವುದೂ ಅಷ್ಟೇ. ಗೇರು ಹಾಕುವ ಗಾಡಿಗೆ ನಡೆಯುತ್ತದೆ. ಆಟೋಮ್ಯಾಟಿಕ್ ಗಾಡಿಗೆ ನಡೆಯುವುದಿಲ್ಲ. ಮತ್ತೆ ಮತ್ತೆ ದಬ್ಬಿದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಅದರ ಬೆಲೆ ಕೇಳಿದರೆ ನಿಮ್ಮ ಸೆಲ್ಫೇ ನಿಂತೀತು!

ಬೂದಿ, ಕೆಂಧೂಳು, ಸೆನ್ಸಾರು

ಬೂದಿ ಕುಡತಿನಿಗೆ ಹೊಸದಲ್ಲ. ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟದ್ದರಿಂದ ಆದ ನಮ್ಮೂರಿನ ಬೂದಿದಿಬ್ಬ ಇತಿಹಾಸ ಓದಿದವರಿಗೆಲ್ಲ ಗೊತ್ತು. ಅದು ಸಾವಿರಾರು ವರ್ಷದ ಹಿಂದಿನ ಬೂದಿ. ಈಗಿನದು ಕಲ್ಲಿದ್ದಲಿನ ಬೂದಿ. 500, 500 ಮತ್ತು 700 ಮೆಗಾವಾಟ್ ಸೇರಿ ಒಟ್ಟು 1700 ಮೆಗಾವಾಟಿನ ಸ್ಥಾವರ ನಮ್ಮ ಮಗ್ಗುಲಲ್ಲಿ. ಅದರ ಜೊತೆ ಅದಿರು ಲಾರಿಗಳ ಕೆಂಧೂಳು. ಮನುಷ್ಯರ ಶ್ವಾಸಕೋಶದ ಮಾತು ಇನ್ನೊಂದು ದಿನಕ್ಕಿರಲಿ, ಗಾಡಿಯೂ ಉಸಿರಾಡುತ್ತದೆ ಸ್ವಾಮಿ.

ಸೆನ್ಸಾರ್ ಅಂದರೆ ಗಾಡಿಯ ಕಣ್ಣು, ಕಿವಿ, ಮೂಗು. ಕಾರ್ಬುರೇಟರ್ ಕಾಲದಲ್ಲಿ ಮೇಸ್ತ್ರಿ ಕಿವಿಗೊಟ್ಟು ಸ್ಕ್ರೂ ತಿರುಗಿಸಿದರೆ ಆಗುತ್ತಿತ್ತು. ಹೊಗೆಯ ಮೂಗು ಎನ್ನಬಹುದಾದ ಆಕ್ಸಿಜನ್ ಸೆನ್ಸಾರನ್ನು 1976ರಲ್ಲಿ ಸ್ವೀಡನ್ನಿನ ವೋಲ್ವೋ ಕಾರುಗಳು ಮೊದಲು ತೊಟ್ಟವು. ನಮ್ಮ ದೇಶದಲ್ಲಿ 2000ದ ಏಪ್ರಿಲ್‌ನಿಂದ ಹೊಗೆಯ ನಿಯಮ ಬಿಗಿಯಾದ ಮೇಲೆ ಕಾರ್ಬುರೇಟರ್ ಮೂಲೆಗೆ ಸರಿಯಿತು, ಕಂಪ್ಯೂಟರ್ ಬಂತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಬಂದ ಮೇಲೆ ಸೆನ್ಸಾರುಗಳ ಸಂತೆಯೇ ನೆರೆಯಿತು. ಆ ಕಂಪ್ಯೂಟರ್ ಕುರುಡು. ಸೆನ್ಸಾರ್ ಹೇಳಿದ್ದನ್ನು ನಂಬಿ ಪೆಟ್ರೋಲು ಸುರಿಯುತ್ತದೆ, ಕಿಡಿ ಹಾರಿಸುತ್ತದೆ.

ಇವುಗಳಲ್ಲಿ ದಾರಿಯಲ್ಲೇ ಕೈಕೊಡುವುದು ಕ್ರ್ಯಾಂಕ್ ಸೆನ್ಸಾರ್. ಕ್ರ್ಯಾಂಕಿನ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತದೆ. ಅನೇಕ ಗಾಡಿಗಳಲ್ಲಿ 60 ಹಲ್ಲಿನ ಜಾಗದಲ್ಲಿ 58 ಇಟ್ಟು ಎರಡರ ಜಾಗ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಹಾದು ಹೋದಾಗ ಪಿಸ್ಟನ್ ಎಲ್ಲಿದೆ ಎಂಬುದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಈ ಸೆನ್ಸಾರ್ ಸೋತರೆ ಕಿಡಿಯಿಲ್ಲ, ಪೆಟ್ರೋಲಿಲ್ಲ. ಇದರ ಲಕ್ಷಣ ವಿಚಿತ್ರ: ಬಿಸಿಯಾದಾಗ ಗಾಡಿ ಹೆದ್ದಾರಿ ಮಧ್ಯೆ ತಣ್ಣಗೆ ಆಫ್ ಆಗುತ್ತದೆ, ಅರ್ಧ ತಾಸು ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ರೋಗವೇ ಇರುವುದಿಲ್ಲ! ಸೆಲ್ಫ್ ಹೊಡೆಯುವಾಗ ಆರ್.ಪಿ.ಎಂ. ಮುಳ್ಳು ಸೊನ್ನೆಯಲ್ಲೇ ಮಲಗಿದ್ದರೆ ಅನುಮಾನ ಗಟ್ಟಿ. ಆದರೆ ಪೆಟ್ರೋಲ್ ಪಂಪೂ ಬಿಸಿಗೆ ಹೀಗೇ ಆಟ ಕಟ್ಟುತ್ತದೆ, ಎರಡನ್ನೂ ನೋಡಬೇಕು.

ಅದಿರಿನ ಧೂಳು ಈ ಸೆನ್ಸಾರಿನ ಅಯಸ್ಕಾಂತಕ್ಕೆ ಅಂಟಿ ಗಾಡಿ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಮ್ಮ ಸಂಡೂರು ಕಡೆಯ ಅದಿರು ಹೆಚ್ಚಾಗಿ ಹೆಮಟೈಟ್, ಅದು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಅಂಟುವುದು ಗಾಡಿಯ ಒಳಗೇ ಸವೆದ ಉಕ್ಕಿನ ಚೂರು. ಧೂಳು ಕೆಡಿಸುವುದು ಬೇರೆ ಎರಡನ್ನು: ಒಂದು ಏರ್ ಫಿಲ್ಟರ್, ಇನ್ನೊಂದು ಗಾಳಿ ಅಳೆಯುವ ಸೆನ್ಸಾರ್. ಕೆಲವು ಗಾಡಿಗಳಲ್ಲಿ, ಅದರಲ್ಲೂ ಡೀಸೆಲ್ ಗಾಡಿಗಳಲ್ಲಿ, ಬಿಸಿಯಾದ ಕೂದಲೆಳೆಯ ತಂತಿಯೋ ಪದರವೋ ಒಳಬರುವ ಗಾಳಿಯನ್ನು ಅಳೆಯುತ್ತದೆ. ಅದರ ಮೇಲೆ ಧೂಳು ಕೂತರೆ ಲೆಕ್ಕ ತಪ್ಪುತ್ತದೆ, ಗಾಡಿ ಎಳೆಯುವುದಿಲ್ಲ, ಮೈಲೇಜ್ ಬೀಳುತ್ತದೆ. ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು ಪೂರ್ತಿ ಆರಲು ಬಿಡಿ. ಬೆರಳು, ಬಟ್ಟೆ, ಇಯರ್ ಬಡ್ ಹಾಕಿದಿರೋ, ಹೊಸದಕ್ಕೆ ದುಡ್ಡು ಎಣಿಸಿ. ಪುಸ್ತಕದಲ್ಲಿ ಏರ್ ಫಿಲ್ಟರಿಗೆ ಹೇಳಿದ ಕಿಲೋಮೀಟರ್ ಒಳ್ಳೇ ರಸ್ತೆಯ ಲೆಕ್ಕ. ಧೂಳಿನ ಊರಿಗೆ ಬೇಗ ಬದಲಿಸಿ ಅಂತ ಅದೇ ಪುಸ್ತಕದ ಮೂಲೆಯಲ್ಲಿ ಬರೆದಿರುತ್ತಾರೆ. ಓದುವವರು ಯಾರು?

ಬಿಸಿ ತಿಳಿಸುವ ಕೂಲೆಂಟ್ ಸೆನ್ಸಾರ್ ಪರೀಕ್ಷೆ ಸುಲಭ. ಬಿಸಿ ಏರಿದಂತೆ ಅದರ ಓಮ್ ಇಳಿಯಬೇಕು. ಅನೇಕ ಗಾಡಿಗಳಲ್ಲಿ ತಣ್ಣಗಿದ್ದಾಗ ಎರಡು-ಮೂರು ಸಾವಿರ ಓಮ್, ಕುದಿಯುವ ಹತ್ತಿರ ಬಂದಾಗ ಇನ್ನೂರು-ಮುನ್ನೂರು. ಇಳಿಯದೆ ಹಠ ಹಿಡಿದರೆ ಅದು ಸತ್ತಂತೆ. ಆದರೆ ಬಿಸಿ ಇಂಜಿನ್ನಿನಲ್ಲಿ ಅದನ್ನು ಬಿಚ್ಚಲು ಹೋಗಬೇಡಿ, ಒತ್ತಡದ ಬಿಸಿನೀರು ಮುಖಕ್ಕೆ ಎರಚುತ್ತದೆ. ಆಕ್ಸಿಜನ್ ಸೆನ್ಸಾರ್ ಮಾತ್ರ ಇದಕ್ಕೆ ಉಲ್ಟಾ. ಸೈಲೆನ್ಸರ್ ಪೈಪಿಗೆ ತುಕ್ಕು ಹಿಡಿದು ಕಚ್ಚಿರುತ್ತದೆ. ಸ್ವಲ್ಪ ಬೆಚ್ಚಗಿದ್ದಾಗ, ತುಕ್ಕಿನ ಎಣ್ಣೆ ಬಿಟ್ಟು, ಸರಿಯಾದ ಸ್ಪ್ಯಾನರಿನಿಂದ ಬಿಚ್ಚಬೇಕು. ಮೊಂಡು ಬಲ ಹಾಕಿದರೆ ಪೈಪಿನ ಥ್ರೆಡ್ಡೇ ಕಿತ್ತು ಬರುತ್ತದೆ.

ಕೋಡು ಹೇಳುವುದು ಬೀದಿ, ಮನೆಯನ್ನಲ್ಲ

ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಕಂಪ್ಯೂಟರ್ ಏನೋ ಬರೆದಿಟ್ಟುಕೊಂಡಿದೆ ಎಂದರ್ಥ. 2010ರ ಈಚಿನ ಬಹುತೇಕ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಕೆಲವು ನೂರು ರೂಪಾಯಿಯ ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲೇ ಕೋಡು ಓದಬಹುದು. ಪಿ 0335 ಅಂದರೆ ಕ್ರ್ಯಾಂಕ್ ಸೆನ್ಸಾರ್ ಸರ್ಕ್ಯೂಟ್, ಪಿ 0340 ಅಂದರೆ ಕ್ಯಾಮ್ ಸೆನ್ಸಾರ್ ಸರ್ಕ್ಯೂಟ್, ಪಿ 0118 ಅಂದರೆ ಕೂಲೆಂಟ್ ಸೆನ್ಸಾರ್ ಸರ್ಕ್ಯೂಟ್.

ಇಲ್ಲೇ ಜನ ಮೋಸ ಹೋಗುವುದು. ‘ಸರ್ಕ್ಯೂಟ್’ ಎಂಬ ಮಾತು ಬಿಟ್ಟು ‘ಸೆನ್ಸಾರ್’ ಎಂಬ ಮಾತನ್ನಷ್ಟೇ ಓದುತ್ತಾರೆ. ಕೋಡು ಕಳ್ಳ ಇರುವ ಬೀದಿ ಹೇಳುತ್ತದೆ, ಮನೆ ಹೇಳುವುದಿಲ್ಲ. ವೈರು ತುಂಡಾದರೂ ಅದೇ ಕೋಡು, ಕನೆಕ್ಟರ್ ಪಿನ್ನಿಗೆ ಹಸಿರು ತುಕ್ಕು ಹಿಡಿದರೂ ಅದೇ ಕೋಡು, ಇಲಿ ಕಡಿದರೂ ಅದೇ ಕೋಡು. ದಿನಸಿ ಅಂಗಡಿ ಮುಂದೆ, ಕಣದ ಪಕ್ಕ ಗಾಡಿ ನಿಲ್ಲಿಸುವ ಊರು ನಮ್ಮದು. ಇಲಿಗೆ ಬೆಚ್ಚನೆಯ ಇಂಜಿನ್‌ಗಿಂತ ಒಳ್ಳೇ ಲಾಡ್ಜಿಂಗ್ ಬೇಕೇ?

ಆದ್ದರಿಂದ ಕ್ರಮ ಹೀಗಿರಲಿ. ಕೋಡನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಬರೆಯದೆ ಅಳಿಸಬೇಡಿ. ಕೀಲಿ ಆಫ್ ಮಾಡಿ, ಆ ಸೆನ್ಸಾರಿನ ಕನೆಕ್ಟರ್ ಬಿಚ್ಚಿ ನೋಡಿ: ಧೂಳು, ತುಕ್ಕು, ಎಣ್ಣೆ, ಬಗ್ಗಿದ ಪಿನ್ನು. ಸ್ವಚ್ಛ ಮಾಡಿ ‘ಟಿಕ್’ ಅನ್ನುವ ತನಕ ಕೂರಿಸಿ. ವೈರನ್ನು ಕೈಯಲ್ಲಿ ಸವರುತ್ತಾ ಹೋಗಿ. ಆಮೇಲೆ ಕೋಡು ಅಳಿಸಿ ಎರಡು ದಿನ ಓಡಿಸಿ. ಅದೇ ಕೋಡು ಮತ್ತೆ ಬಂದರೆ ಮಾತ್ರ ಸೆನ್ಸಾರ್ ಬದಲಿಸುವ ಮಾತು. ಬದಲಿಸುವಾಗ ಸುತ್ತಲಿನ ಮಣ್ಣು ಒರೆಸಿ ಆಮೇಲೆ ಕೀಳಿ, ಇಲ್ಲದಿದ್ದರೆ ಮಣ್ಣು ತೂತಿನೊಳಗೇ ಬೀಳುತ್ತದೆ. ಹೊಸದರ ರಬ್ಬರ್ ರಿಂಗಿಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಕೈಯಿಂದ ಒತ್ತಿ ಕೂರಿಸಿ. ಸುತ್ತಿಗೆ ಏಟು ಅದಕ್ಕೆ ಆಗದು.

ಕೈ ಹಾಕಬಾರದ ಕೆಲಸಗಳೂ ಇವೆ. ಏರ್‌ಬ್ಯಾಗಿನ ಹಳದಿ ವೈರು, ಹೈಬ್ರಿಡ್ ಗಾಡಿಯ ಕಿತ್ತಳೆ ಕೇಬಲ್, ಸಿ.ಎನ್.ಜಿ. ಪೈಪು, ಡೀಸೆಲ್ ಗಾಡಿಯ ಹೈಪ್ರೆಶರ್ ಪೈಪು, ಇವು ಅಂಗಳದ ಕೆಲಸವಲ್ಲ. ಆ ಡೀಸೆಲ್ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟಿರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಕೈಯೇ ಹೋದೀತು. ವಾರಂಟಿ ಇರುವ ಹೊಸ ಗಾಡಿಗೂ ಮನೆ ವೈದ್ಯ ಬೇಡ, ಕಂಪನಿಯವರೇ ನೋಡಲಿ.

ಬಿಲ್ಲು ಬೇಡವೆಂದವನ ಗತಿ

ಇನ್ನು ಅಂಗಡಿ ವ್ಯವಹಾರ. ಸೆನ್ಸಾರಿನ ಡೂಪ್ಲಿಕೇಟ್ ಮಾಲು ಕಣ್ಣಿಗೆ ಅಸಲಿಯಂತೇ ಕಾಣುತ್ತದೆ. ಡಬ್ಬಿಯ ಮೇಲಿನ ಅಕ್ಷರ ಮಸುಕು, ಸೀಲು ಒಡೆದದ್ದು, ಪಾರ್ಟ್ ನಂಬರ್ ಹಳೆಯದಕ್ಕೆ ಹೊಂದದ್ದು, ಬೆಲೆ ಮಾತ್ರ ಅರ್ಧ: ಇಷ್ಟು ಕಂಡರೆ ಹಿಂದೆ ಸರಿಯಿರಿ. ಡೂಪ್ಲಿಕೇಟ್ ಸೆನ್ಸಾರಿನ ದೊಡ್ಡ ಕಾಟ ಏನೆಂದರೆ ಅದು ಪೂರ್ತಿ ಸಾಯುವುದಿಲ್ಲ. ಅರೆಬರೆ ಸುಳ್ಳು ಹೇಳುತ್ತದೆ. ಹೊಸದು ಹಾಕಿದ್ದೇವಲ್ಲ ಎಂಬ ನಂಬಿಕೆಯಲ್ಲಿ ಮಾಲೀಕ ಉಳಿದದ್ದನ್ನೆಲ್ಲ ಬದಲಿಸುತ್ತಾ ಹೋಗುತ್ತಾನೆ.

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇಕಡಾ 18ರ ಒಂದೇ ಜಿ.ಎಸ್.ಟಿ. ಬಂತು; ಮುಂಚೆ ಎಷ್ಟೋ ಭಾಗಗಳಿಗೆ 28 ಇತ್ತು. ಆದರೂ ‘ಬಿಲ್ ಬ್ಯಾಡ ಅಂದ್ರ ಕಮ್ಮಿ ಮಾಡ್ತೀನ್ರಿ’ ಎಂಬ ಮಾತು ನಿಂತಿಲ್ಲ. ಬಿಲ್ಲಿಲ್ಲದ ಮಾಲಿಗೆ ವಾರಂಟಿಯೂ ಇಲ್ಲ, ವ್ಯಾಜ್ಯವೂ ಇಲ್ಲ. ಬಿಲ್ಲಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಎರಡು ವರ್ಷದೊಳಗೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು; ಐದು ಲಕ್ಷದೊಳಗಿನ ಮಾಲಿಗೆ ಶುಲ್ಕವೂ ಇಲ್ಲ. ಒಳ್ಳೇ ಮಾಲು ಮಾರುವ ಅಂಗಡಿಯವರಿಗೂ ಬಿಲ್ಲೇ ಕಾವಲು. ಇಲ್ಲವಾದರೆ ಬೇರೆಲ್ಲೋ ಕೊಂಡ ಕಳಪೆ ಮಾಲನ್ನು ನಿಮ್ಮ ಕೌಂಟರಿಗೆ ತಂದು ಕೂಗಾಡುವವರಿಗೆ ಏನು ಉತ್ತರ ಕೊಡುತ್ತೀರಿ?

ಕೊನೆಯ ಮಾತು ಮೆಕ್ಯಾನಿಕ್‌ಗಳ ಬಗ್ಗೆ. ಅವರನ್ನು ಬೈಯುವುದು ಸುಲಭ. ಆದರೆ ಒಂದು ಲೆಕ್ಕ ನೋಡಿ. ಒಬ್ಬ ಮೆಕ್ಯಾನಿಕ್ ಎರಡು ತಾಸು ತಲೆ ಕೆಡಿಸಿಕೊಂಡು ಹುಡುಕಿ, ಕೊನೆಗೆ ಒಂದು ಸಡಿಲ ವೈರು ಬಿಗಿ ಮಾಡಿ ಇನ್ನೂರು ಕೇಳಿದರೆ ನಾವು ‘ಬರೇ ವೈರ್ ಬಿಗಿ ಮಾಡಾಕ ಇನ್ನೂರಾ?’ ಅಂತ ಜಗಳಕ್ಕೆ ನಿಲ್ಲುತ್ತೇವೆ. ಅವನೇ ಹತ್ತು ನಿಮಿಷದಲ್ಲಿ ಹೊಸ ಸೆಲ್ಫ್ ಹಾಕಿ ಸಾವಿರಗಟ್ಟಲೆ ಬಿಲ್ಲು ಕೊಟ್ಟರೆ ತೆಪ್ಪಗೆ ಎಣಿಸಿ ಕೊಡುತ್ತೇವೆ. ಸಾಮಾನು ಬದಲಿಸಿದರೆ ಮಾತ್ರ ದುಡ್ಡು ಎಂಬ ಪಾಠ ಅವನಿಗೆ ಕಲಿಸಿದವರು ಯಾರು? ನಾವೇ. ರೋಗ ಕಂಡುಹಿಡಿದದ್ದಕ್ಕೆ ಡಾಕ್ಟರಿಗೆ ಫೀಸು ಕೊಡುವ ಹಾಗೆ ಮೆಕ್ಯಾನಿಕ್‌ಗೂ ಕೊಡಲು ಕಲಿತರೆ ಬೇಡದ ಸಾಮಾನು ತಾನೇ ಕಮ್ಮಿಯಾಗುತ್ತದೆ. ತೆಗೆದ ಹಳೇ ಸಾಮಾನನ್ನು ಕೇಳಿ ಪಡೆಯಿರಿ. ಅದು ನಿಮ್ಮದು.

ಮತ್ತೆ, ಇಷ್ಟೆಲ್ಲ ಓದಿಯೂ ನಡುರಾತ್ರಿ ಗಾಡಿ ಏಳದೆ ಹೋದರೆ, ಮನೆಯಲ್ಲಿ ನೋವು ತಿನ್ನುವವರಿದ್ದರೆ, ಬಾನೆಟ್ ಎತ್ತಿ ನಿಲ್ಲಬೇಡಿ. ಮೊದಲು 108ಕ್ಕೆ ಫೋನ್ ಹಚ್ಚಿ. ಸೆಲ್ಫ್ ಬೆಳಿಗ್ಗೆ ನೋಡಿದರಾಯಿತು.